ಎರೆ ನೆಲಕ್ಕೆ ಒಲಿದ ಕಣಗಿಲೆ

ಬೇಸಿಗೆ ರಜೆಯಲ್ಲಿ ಊಟಿ, ಕೊಡೈಕೆನಾಲ್ ಸುತ್ತಿ ಬಂದವರ ಸಾಮಾನಿನಲ್ಲಿ ಈಗೀಗ ಒಂದು ಕಮೇಲಿಯಾ ಸಸಿಯೂ ಇರುತ್ತದೆ. ಸಿಂಧನೂರಿಗೆ ಬಂದಿಳಿದ ಸಸಿ ಒಳ್ಳೆಯ ಕುಂಡ ಸೇರುತ್ತದೆ, ನೆರಳಿನ ಮೂಲೆ ಹಿಡಿಯುತ್ತದೆ, ಕೆಲವೇ ವಾರಗಳಲ್ಲಿ ಎಲೆ ಹಳದಿಯಾಗಿ ಉದುರತೊಡಗುತ್ತದೆ. ಹಾಗೆ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಆ ಹೂವನ್ನು ಒಮ್ಮೆ ಹತ್ತಿರದಿಂದ ಕಂಡವರಿಗೆ ಅದನ್ನು ಮರೆಯುವುದು ಕಷ್ಟ. ಮಿರುಗುವ ಕಡುಹಸಿರು ಎಲೆ, ಒಂದರ ಮೇಲೊಂದು ಲೆಕ್ಕ ತಪ್ಪದೆ ಕುಳಿತ ಎಸಳು, ಚಳಿಗಾಲದಲ್ಲಿ ಬೇರೆ ಗಿಡಗಳು ಮಲಗಿರುವಾಗ ಅರಳುವ ಗುಣ. ಚೀನಾ, ಜಪಾನುಗಳ ಈ ಪೊದೆಗೆ ಜಗತ್ತಿನ ತುಂಬ ಸಾವಿರಾರು ತಳಿಗಳಿವೆ. ಅವುಗಳ ಹೆಸರು, ವಂಶ, ಬಣ್ಣ ಎಲ್ಲವನ್ನೂ ಜೋಪಾನವಾಗಿ ಬರೆದಿಡುವ ಅಂತರರಾಷ್ಟ್ರೀಯ ಸಂಘವೇ 1962ರಿಂದ ನಡೆದುಬಂದಿದೆ.

ಆದರೆ ನಮ್ಮ ಸೀಮೆ ಅದಕ್ಕೆ ಆಗಿಬರುವುದಿಲ್ಲ. ಕಮೇಲಿಯಾಕ್ಕೆ ಹುಳಿ ಮಣ್ಣು ಬೇಕು. ಮಣ್ಣಿನ ಪಿಎಚ್ ಐದೂವರೆಯಿಂದ ಆರೂವರೆಯೊಳಗಿದ್ದರೆ ಅದು ಸುಖವಾಗಿರುತ್ತದೆ. ನಮ್ಮ ಎರೆ ಭೂಮಿಯ ಪಿಎಚ್ ಎಂಟರ ಮೇಲೆ. ಮಣ್ಣಿನ ತುಂಬ ಸುಣ್ಣ. ಆ ಸುಣ್ಣದ ನಡುವೆ ಕಬ್ಬಿಣದ ಅಂಶವಿದ್ದರೂ ಕಮೇಲಿಯಾದ ಬೇರು ಅದನ್ನು ಹೀರಿಕೊಳ್ಳಲಾರದು. ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಬಿಳಿಚುವುದು ಅದಕ್ಕೇ. ಮಣ್ಣು ಬದಲಿಸಿದರೂ ನೀರು ಬದಲಾಗುವುದಿಲ್ಲ. ಬೋರಿನ ಸವಳು ನೀರು ಕೆಲವೇ ತಿಂಗಳಲ್ಲಿ ಕುಂಡದ ಮಣ್ಣನ್ನು ಮತ್ತೆ ಮೊದಲಿನ ದಾರಿಗೆ ಎಳೆಯುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಹಾಕುವವರನ್ನೂ ನಾನು ಬಲ್ಲೆ. ಅವರ ಪ್ರೀತಿ ದೊಡ್ಡದು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು ಮತ್ತು ಒಣಗಾಳಿಯನ್ನು ಯಾವ ಕ್ಯಾನೂ ತಡೆಯದು. ಕಮೇಲಿಯಾ ಕುಲದಲ್ಲಿ ನಮಗೆ ದಿನಾ ಸಿಗುವುದು ಒಂದೇ ಒಂದು, ಬಸ್ ನಿಲ್ದಾಣದ ಹೋಟೆಲಿನ ಗಾಜಿನ ಲೋಟದ ಚಹಾ. ಚಹಾ ಗಿಡವೂ ಕಮೇಲಿಯಾವೇ. ಅದೂ ಚಿಕ್ಕಮಗಳೂರಿನ ಕಡೆಯ ಗುಡ್ಡಗಳಲ್ಲಿ ಬೆಳೆಯುತ್ತದೆ, ಇಲ್ಲಿಗೆ ಪುಡಿಯಾಗಿ ಬರುತ್ತದೆ.

ಕಮೇಲಿಯಾ ಕೊಡುವುದನ್ನೆಲ್ಲ ಈ ನೆಲದಲ್ಲೇ ಕೊಡುವ ಪೊದೆ ಒಂದಿದೆ, ಅದು ಕಣಗಿಲೆ. ವರ್ಷವಿಡೀ ಹಸಿರು, ಗುಲಾಬಿಯ ಹಾಗೆ ತುಂಬಿದ ಹೂವು, ಬಿಳಿಯಿಂದ ಕಡುಗೆಂಪಿನವರೆಗೆ ಬಣ್ಣ, ಮೇಲೆ ಸುವಾಸನೆ ಬೇರೆ. ಬಹುಪಾಲು ಕಮೇಲಿಯಾಗಳಿಗೆ ಆ ಸುವಾಸನೆ ಇಲ್ಲ. ಆದರೂ ನಮ್ಮಲ್ಲಿ ಕಣಗಿಲೆಯನ್ನು ರಸಿಕತೆಯಿಂದ ಬೆಳೆಸುವವರು ಕಡಿಮೆ. ಬೇಲಿಗೆ ಹಚ್ಚುತ್ತೇವೆ, ಪೂಜೆಗೆ ಕೀಳುತ್ತೇವೆ, ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಕಂಡು ಮುಂದೆ ಹೋಗುತ್ತೇವೆ. ಒಂದು ಕಣಗಿಲೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ನಿಂತು ನೋಡುವವರು ಬೆರಳೆಣಿಕೆಯಷ್ಟು. ಈ ವಾರದ ಅಂಕಣ ಆ ನೋಟಕ್ಕಾಗಿ.

ನಮ್ಮ ಸೀಮೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ, 150ಎ. ಈ ರಸ್ತೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಟರೆ ಹೊಲಗಳು ಬೋಳು, ಬೇವಿನ ನೆರಳೊಂದೇ ಆಸರೆ. ಆಗಲೂ ಮನೆಗಳ ಮುಂದೆ, ಗುಡಿಗಳ ಪೌಳಿಯಲ್ಲಿ, ಸರ್ಕಾರಿ ಕಚೇರಿಗಳ ಕಂಪೌಂಡಿನಲ್ಲಿ ಬಣ್ಣ ಉಳಿಸಿಕೊಂಡಿರುವುದು ಕಾಗದದ ಹೂ ಮತ್ತು ಕಣಗಿಲೆ, ಎರಡೇ. ಕಾಗದದ ಹೂವಿನ ಬಣ್ಣ ಎಲೆಯದು, ಕಣಗಿಲೆಯದು ಹೂವಿನದೇ.

ಕಣಗಿಲೆ ಹುಟ್ಟಿನಿಂದ ಹಳ್ಳದ ಗಿಡ. ಮೆಡಿಟರೇನಿಯನ್ ಸಮುದ್ರದ ದಂಡೆಯಿಂದ ಚೀನಾದವರೆಗೆ, ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಮರಳಾಗಿ ಉಳಿಯುವ ತೊರೆಗಳ ಪಕ್ಕದಲ್ಲಿ ಅದು ತಾನಾಗಿ ಬೆಳೆಯುತ್ತದೆ. ಒಂದಷ್ಟು ದಿನ ಬೇರಿನ ತುಂಬ ನೀರು, ಉಳಿದ ದಿನ ಉರಿಬಿಸಿಲು, ಈ ಎರಡನ್ನೂ ತಾಳಿಕೊಳ್ಳುವುದು ಅದರ ಜಾಯಮಾನ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಬಂದರೆ ಒಮ್ಮೆಗೇ ಸುರಿದು ಹೋಗುವ ಮಳೆ ಕಾಣುವ ನಮ್ಮ ಸೀಮೆಗೆ ಇಂಥದೇ ಬೇಕು.

ತಾಳಿಕೆಯ ಗುಟ್ಟು ಎಲೆಯ ಬೆನ್ನಿನಲ್ಲಿದೆ. ಒಂದು ಎಲೆ ಕಿತ್ತು ಮಗುಚಿ, ಶಾಲೆಯ ಮಕ್ಕಳ ಭೂತಗನ್ನಡಿಯಲ್ಲಿ ನೋಡಿ. ನಡುನರದಿಂದ ಎರಡೂ ಕಡೆಗೆ ಒತ್ತೊತ್ತಾಗಿ ಹೊರಟ ಸಣ್ಣ ನರಗಳ ನಡುವೆ ಚಿಕ್ಕ ಚಿಕ್ಕ ಕುಳಿಗಳು ಕಾಣುತ್ತವೆ. ಒಂದೊಂದು ಕುಳಿಯ ಬಾಯಿಗೂ ನವಿರಾದ ಕೂದಲು. ಗಿಡ ಉಸಿರಾಡುವ ರಂಧ್ರಗಳು ಎಲೆಯ ಮೇಲ್ಮೈಯಲ್ಲಿಲ್ಲ, ಆ ಕುಳಿಗಳ ಒಳಗಿವೆ. ಹೊರಗೆ ಬಿಸಿಗಾಳಿ ಎಷ್ಟೇ ಬೀಸಲಿ, ಕುಳಿಯೊಳಗಿನ ಗಾಳಿ ಅಲುಗುವುದಿಲ್ಲ, ತೇವ ಅಷ್ಟು ಸುಲಭವಾಗಿ ಹೊರಬೀಳುವುದಿಲ್ಲ. ಎಲೆಗಳು ಮೂರು ಮೂರರ ಸುತ್ತಿನಲ್ಲಿ ನೆಟ್ಟಗೆ ಮೇಲೆ ಮುಖಮಾಡಿ ನಿಲ್ಲುವುದರಿಂದ ನಡುಮಧ್ಯಾಹ್ನದ ಸೂರ್ಯನಿಗೆ ಅಂಗೈಯಗಲದ ಮೈ ಸಿಗುವುದಿಲ್ಲ.

ಹೂವನ್ನು ನೋಡುವ ಬಗೆಯೂ ಹೀಗೇ, ಹತ್ತಿರದಿಂದ. ಮೊಗ್ಗಿನಲ್ಲಿ ಐದೂ ಎಸಳು ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ. ಅರಳಿದ ಮೇಲೂ ಆ ತಿರುವು ಅಂಚಿನಲ್ಲಿ ಉಳಿದಿರುತ್ತದೆ, ಇಡೀ ಹೂವು ಈಗಷ್ಟೇ ಸುತ್ತಿ ನಿಂತ ಹಾಗೆ ತೋರುತ್ತದೆ. ಗಂಟಲಿನಲ್ಲಿ ಅಂಚು ಹರಿದ ಕುಚ್ಚಿನ ಇನ್ನೊಂದು ಸಣ್ಣ ಸುತ್ತು. ಅದರ ನಡುವೆ ಕೇಸರಗಳು ತಲೆ ಕೂಡಿಸಿ ಶಂಕುವಾಗಿ ನಿಂತು, ತುದಿಯ ರೋಮದ ಬಾಲಗಳನ್ನು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಪರಾಗ ಆ ಶಂಕುವಿನ ಒಳಗೆ. ಇಷ್ಟೆಲ್ಲ ಬಣ್ಣ, ಪರಿಮಳ ತೋರಿಸುವ ಕಣಗಿಲೆಯಲ್ಲಿ ಮಕರಂದ ಇಲ್ಲ. ಜೇನು ಇದೆಯೆಂದು ನಂಬಿ ಬಂದ ಕೀಟ ಬರಿಗೈಯಲ್ಲಿ ಹೋಗುತ್ತದೆ. ಹೋಗುವಾಗ ಪರಾಗ ಹೊತ್ತೊಯ್ದರೆ ಗಿಡದ ಕೆಲಸ ಆಯಿತು.

ನಮ್ಮ ಕಡೆ ಸಿಗುವ ಕಣಗಿಲೆಗಳಲ್ಲಿ ಮೊದಲ ಭೇದ ಒಂಟಿ ಸುತ್ತಿನದು ಮತ್ತು ಮುದ್ದೆಯದು. ಮುದ್ದೆ ಕಣಗಿಲೆ, ಅದರಲ್ಲೂ ತಿಳಿಗುಲಾಬಿ ಬಣ್ಣದ್ದು, ಮೊದಲ ನೋಟಕ್ಕೇ ಮನಸ್ಸು ಗೆಲ್ಲುತ್ತದೆ. ಹೂವಿನೊಳಗಿಂದ ಇನ್ನೊಂದು ಹೂವು ಹೊರಟಂತೆ ಎಸಳು ತುಂಬಿರುತ್ತದೆ. ಆದರೆ ಅದಕ್ಕೊಂದು ಕೊರತೆ ಇದೆ. ಬಾಡಿದ ಹೂವು ಉದುರುವುದಿಲ್ಲ, ಕಂದುಬಣ್ಣಕ್ಕೆ ತಿರುಗಿ ಗೊಂಚಲಿನಲ್ಲೇ ಅಂಟಿಕೊಂಡಿರುತ್ತದೆ. ಮಳೆ ಹನಿದರೆ ಕೊಳೆತು ಹೊಸ ಮೊಗ್ಗಿಗೂ ಬೂಷ್ಟು ಹತ್ತುತ್ತದೆ. ದಿನಾ ಬೆಳಗ್ಗೆ ಕೈಯಿಂದ ಆರಿಸಿ ತೆಗೆಯುವ ತಾಳ್ಮೆ ಇದ್ದವರಿಗೆ ಮಾತ್ರ ಮುದ್ದೆ ಕಣಗಿಲೆ. ಒಂಟಿ ಸುತ್ತಿನದು ಹಾಗಲ್ಲ. ಅದರ ಹೂವು ಬಣ್ಣ ಇರುವಾಗಲೇ ಕಳಚಿ ನೆಲಕ್ಕೆ ಬೀಳುತ್ತದೆ, ಗೊಂಚಲು ಸದಾ ಚೊಕ್ಕಟ. ನನ್ನ ಆಯ್ಕೆ ಕೇಳಿದರೆ ಒಂಟಿ ಸುತ್ತಿನ ಬಿಳಿಯದು ಮೊದಲು. ಬೆಳದಿಂಗಳಲ್ಲಿ ಅದನ್ನು ಮೀರಿಸುವ ಹೂವು ನಮ್ಮ ತೋಟಗಳಲ್ಲಿ ಇನ್ನೊಂದಿಲ್ಲ. ನಂತರ ಕಡುಗೆಂಪು. ಪರಿಮಳಕ್ಕಾದರೆ ಹಳೆಯ ಗುಲಾಬಿ ಮುದ್ದೆಯೇ ಮೇಲು, ಅದೂ ಬಿಸಿಲೇರುವ ಮುಂಚೆ. ನಮ್ಮ ದೇಶದ ಕಣಗಿಲೆಯ ಈ ವಾಸನೆಯನ್ನು ಕಂಡೇ ಹಿಂದಿನ ಸಸ್ಯಶಾಸ್ತ್ರಜ್ಞರು ಅದನ್ನು ಯುರೋಪಿನ ವಾಸನೆಯಿಲ್ಲದ ಕಣಗಿಲೆಯಿಂದ ಬೇರೆ ಪ್ರಭೇದವೆಂದು ಎಣಿಸಿದ್ದರು. ಈಗ ಎರಡನ್ನೂ ನೇರಿಯಂ ಓಲಿಯಾಂಡರ್ ಎಂಬ ಒಂದೇ ಪ್ರಭೇದದಲ್ಲಿ ಸೇರಿಸುತ್ತಾರೆ. ನರ್ಸರಿಗಳಲ್ಲಿ ಈಗ ಮೊಣಕಾಲೆತ್ತರಕ್ಕೇ ಹೂ ಬಿಡುವ ಗಿಡ್ಡ ತಳಿಗಳು, ಹಳದಿ ಅಂಚಿನ ಬಣ್ಣದೆಲೆಯವು ಸಿಗುತ್ತವೆ. ಗಿಡ್ಡ ತಳಿ ಮಾಳಿಗೆಯ ಕುಂಡಕ್ಕೆ ಹೇಳಿ ಮಾಡಿಸಿದ್ದು. ಬಣ್ಣದೆಲೆ ನನಗೆ ಹಿಡಿಸುವುದಿಲ್ಲ. ಹೂವಿಗೂ ಎಲೆಗೂ ಪೈಪೋಟಿ ಬಿದ್ದು ಕಣ್ಣಿಗೆ ನೆಮ್ಮದಿ ಇರುವುದಿಲ್ಲ.

ಹಳದಿ ಕಣಗಿಲೆ ಇವುಗಳ ಕುಟುಂಬದ್ದೇ ಆದರೂ ಬೇರೆ ಗಿಡ, ಅಮೆರಿಕ ಖಂಡದಿಂದ ಬಂದದ್ದು. ಎಕ್ಕ, ನಂದಿಬಟ್ಟಲು, ನಿತ್ಯಪುಷ್ಪ, ದೇವಕಣಗಿಲೆ ಎಲ್ಲ ಈ ದೊಡ್ಡ ಕುಟುಂಬದವೇ. ಈಗ ಎಲ್ಲರ ಮಾಳಿಗೆಯ ಮೇಲೂ ಕಾಣುವ, ಬುಡ ಉಬ್ಬಿದ ಡೆಸರ್ಟ್ ರೋಸ್ ಕೂಡ ಕಣಗಿಲೆಗೆ ಎಷ್ಟು ಹತ್ತಿರದ ನೆಂಟನೆಂದರೆ, ಅದರ ಕಡ್ಡಿಯನ್ನು ಕಣಗಿಲೆಯ ಬೇರಿನ ಮೇಲೆ ಕಸಿ ಕಟ್ಟಬಹುದು.

ನಮ್ಮ ಸೀಮೆಯಲ್ಲಿ ಕಣಗಿಲೆಯನ್ನು ಉಳಿಸಿದ್ದು ತೋಟಗಾರರಲ್ಲ, ಪೂಜೆ ಮಾಡುವವರು. ಇಷ್ಟಲಿಂಗ ಪೂಜೆಗೆ ಕೂಡುವ ಮನೆಗಳಲ್ಲಿ ಪತ್ರಿಯ ಜೊತೆ ಕಣಗಲ ಹೂ ಇರಬೇಕು. ಶ್ರಾವಣ ಸೋಮವಾರ ಬಂತೆಂದರೆ ನಸುಕಿನಲ್ಲೇ ಗೇಟಿನ ಸಪ್ಪಳ ಕೇಳುತ್ತದೆ. “ಯಕ್ಕಾ, ನಾಕು ಹೂ ಹರಕೋತೀನಿ” ಎಂದು ಒಳಗೆ ಕೇಳಿಸುವಂತೆ ಹೇಳಿ, ಉತ್ತರಕ್ಕೆ ಕಾಯದೆ ಕೊಂಬೆ ಬಗ್ಗಿಸುವ ಓಣಿಯ ಹೆಣ್ಣುಮಕ್ಕಳು ಈ ಗಿಡದ ನಿಜವಾದ ಪಾಲುದಾರರು. ಮಸ್ಕಿಯಲ್ಲಿ ಮಲ್ಲಯ್ಯನ ಬೆಟ್ಟ ಹತ್ತುವವರ ಬುಟ್ಟಿಯಲ್ಲೂ ಅದೇ ಹೂ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ಏನು ಬಿಟ್ಟರೂ ಒಂದು ಕಣಗಿಲೆ ಕಡ್ಡಿಯನ್ನು ತವರಿನಿಂದಲೋ ಹಳೆಯ ಓಣಿಯಿಂದಲೋ ತಂದು ಹಚ್ಚುತ್ತಾರೆ. ಹೀಗೆ ಕೈಯಿಂದ ಕೈಗೆ ಬಂದದ್ದರಿಂದ, ಎಲ್ಲೂ ಹೆಸರು ಬರೆದಿಡದ ಎಷ್ಟೋ ಹಳೆಯ ತಳಿಗಳು ನಮ್ಮ ಊರುಗಳಲ್ಲಿ ಉಳಿದಿವೆ ಎಂಬುದು ನನ್ನ ನಂಬಿಕೆ.

“ಏನ್ರೀ ಸರ, ಸಣ್ಣ ಹುಡುಗ್ರು ಓಡ್ಯಾಡೋ ಮನಿ ಮುಂದ ವಿಷದ ಗಿಡ ಹಚ್ಚೀರಲ್ಲ?” ಎಂದು ಕೇಳುವವರೂ ಇದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಕಣಗಿಲೆಯ ಎಲೆ, ಹೂವು, ಕಡ್ಡಿ, ಬೇರು ಎಲ್ಲದರಲ್ಲೂ ಓಲಿಯಾಂಡ್ರಿನ್ ಮೊದಲಾದ ವಿಷಗಳಿವೆ, ಅವು ನೇರ ಹೃದಯದ ಬಡಿತಕ್ಕೆ ಕೈ ಹಾಕುತ್ತವೆ. 2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರು ತೀರಿಕೊಂಡಾಗ, ಅರಳಿ ಎಂದು ಅಲ್ಲಿ ಕರೆಯುವ ಈ ಗಿಡದ ಎಲೆಯನ್ನು ಅಗಿದದ್ದೇ ಕಾರಣವೆಂಬ ಶಂಕೆ ಎದ್ದಿತು. ಅದೇ ವರ್ಷ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ ಮತ್ತು ಪ್ರಸಾದದಿಂದ ಅರಳಿ ಹೂವನ್ನು ಕೈಬಿಟ್ಟಿತು. ಸರಿಯಾದ ಕ್ರಮ. ಪೂಜೆಗೆ ಏರಿಸಿದ ಕಣಗಿಲೆಯನ್ನು ಪ್ರಸಾದವೆಂದು ಬಾಯಿಗೆ ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಬೇಕು. ಹೂವು ತಲೆಗೆ, ದೇವರಿಗೆ, ಹೊಟ್ಟೆಗಲ್ಲ. ದನ, ಕುರಿ ಕಟ್ಟುವ ಜಾಗದ ಹತ್ತಿರ ಹಚ್ಚಬಾರದು. ಹಸಿ ಎಲೆಯ ಕಹಿಗೆ ಜಾನುವಾರು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಒಣಗಿ ಮೇವಿನಲ್ಲಿ ಬೆರೆತದ್ದು ಗೊತ್ತಾಗುವುದಿಲ್ಲ. ಒಣಗಿದರೂ ವಿಷ ಹೋಗಿರುವುದಿಲ್ಲ. ಕತ್ತರಿಸಿದ ಟೊಂಗೆಯನ್ನು ಒಲೆಗೆ ಹಾಕಬಾರದು, ಹೊಗೆಯೂ ಕೆಟ್ಟದ್ದು. ನೀರಿನ ತೊಟ್ಟಿಯ ಮೇಲೆ ಬಾಗುವಂತೆ ಬೆಳೆಸಬಾರದು. ಎಲೆ ಬಾಯಿಗೆ ಹಾಕುವ ವಯಸ್ಸಿನ ಕೂಸು ಮನೆಯಲ್ಲಿದ್ದರೆ ಗಿಡ ಒಂದೆರಡು ವರ್ಷ ಕಾಯಲಿ. ಯಾರಾದರೂ ತಿಂದರೆಂದು ಗೊತ್ತಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ದವಾಖಾನೆಗೆ ಓಡಬೇಕು. ಇಷ್ಟು ಕಟ್ಟುನಿಟ್ಟು ಪಾಲಿಸುವ ಮನೆಯಲ್ಲಿ ಕಣಗಿಲೆಗೆ ಹೆದರಬೇಕಿಲ್ಲ. ಹೊಲದ ಔಷಧಿ ಡಬ್ಬಿಯನ್ನು ಅಡುಗೆಮನೆಯ ಪಕ್ಕ ಇಡುವ ಧೈರ್ಯಕ್ಕಿಂತ ಇದು ಎಷ್ಟೋ ಸುರಕ್ಷಿತ.

ವಿಷ ಮತ್ತು ಚೆಲುವು ಒಂದೇ ಕಡ್ಡಿಯಲ್ಲಿರುವುದನ್ನು ಹಿಂದಿನವರು ಚೆನ್ನಾಗಿ ಬಲ್ಲರು. ಶೂದ್ರಕನ ಮೃಚ್ಛಕಟಿಕದಲ್ಲಿ ವಧಾಸ್ಥಾನಕ್ಕೆ ಹೊರಟ ಚಾರುದತ್ತನ ಕೊರಳಿಗೆ ಹಾಕಿರುವುದು ಕರವೀರದ, ಅಂದರೆ ಕಣಗಿಲೆಯ ಮಾಲೆ. ನಮ್ಮ ಕಾಲಕ್ಕೆ ಬಂದರೆ ರವೀಂದ್ರನಾಥ ಠಾಕೂರರು ಕೆಂಪು ಕಣಗಿಲೆಯ ಹೆಸರಿನಲ್ಲೇ ಒಂದು ನಾಟಕ ಬರೆದರು, ‘ರಕ್ತಕರಬೀ’. ಅದು 1924ರಲ್ಲಿ ಪತ್ರಿಕೆಯಲ್ಲಿ ಬಂತು, 1926ರಲ್ಲಿ ಪುಸ್ತಕವಾಯಿತು. ಲಿಂಗಸುಗೂರು ತಾಲ್ಲೂಕಿನವರು ಈ ನಾಟಕವನ್ನು ಓದಲೇಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಯಾಕೆಂದರೆ ಅದು ನಡೆಯುವ ಯಕ್ಷಪುರಿ ಒಂದು ಚಿನ್ನದ ಗಣಿಯ ಊರು. ನೆಲದಡಿ ಅಗೆಯುವವರನ್ನು ಅಲ್ಲಿ ಹೆಸರಿನಿಂದ ಕರೆಯುವುದಿಲ್ಲ, ಸಂಖ್ಯೆಯಿಂದ ಕರೆಯುತ್ತಾರೆ. ರಾಜ ಬಲೆಯ ಹಿಂದೆ ಅಡಗಿ ಆಳುತ್ತಾನೆ. ಹಸಿರೇ ಕಾಣದ ಆ ಊರಿನಲ್ಲಿ ಹುಡುಗನೊಬ್ಬ ಕಸದ ರಾಶಿಯ ಹಿಂದೆ ಬೆಳೆದ ಒಂದೇ ಒಂದು ಕಣಗಿಲೆ ಗಿಡವನ್ನು ಹುಡುಕಿ, ಶಿಕ್ಷೆಗೂ ಹೆದರದೆ ನಂದಿನಿಗೆ ಹೂ ತಂದುಕೊಡುತ್ತಾನೆ. ತೋಟ ಮಾಡುವವನಾಗಿ ನನಗೆ ಇಲ್ಲಿ ಕಾಣುವುದು ಠಾಕೂರರ ಕಣ್ಣು. ಕಸದ ಗುಡ್ಡೆಯ ಹಿಂದೆ, ಯಾರ ಆರೈಕೆಯೂ ಇಲ್ಲದೆ, ಕೆಂಪಗೆ ಅರಳುವ ಗಿಡ ಯಾವುದೆಂದು ಅವರು ಸರಿಯಾಗಿ ಆರಿಸಿದ್ದಾರೆ. ಗುಲಾಬಿಯೋ ಮಲ್ಲಿಗೆಯೋ ಅಲ್ಲಿ ಬದುಕುತ್ತಿರಲಿಲ್ಲ.

ಲಿಂಗಸುಗೂರು ತಾಲ್ಲೂಕಿನ ಚಿನ್ನದ ಗಣಿಯ ಊರು ಹಟ್ಟಿ ಯಕ್ಷಪುರಿಯಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಅಲ್ಲಿನ ಕಂಪನಿ ಇಂದು ರಾಜ್ಯದ ಸ್ವತ್ತು, ಸಾವಿರಾರು ಮನೆಗಳ ಅನ್ನ.

ಕೆಂಪು ಕಣಗಿಲೆಯ ಅತ್ಯಂತ ಒಳ್ಳೆಯ ಬಣ್ಣ ನನಗೆ ಸಿಕ್ಕಿದ್ದು ಮಾತ್ರ ಸಿಂಧನೂರು ತಾಲ್ಲೂಕಿನ ಬಂಗಾಳಿ ಕ್ಯಾಂಪಿನಲ್ಲಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು, ಆರ್.ಎಚ್. ಕ್ಯಾಂಪ್ ಒಂದು, ಎರಡು ಎಂದು ಇಂದಿಗೂ ಆ ಊರುಗಳನ್ನು ಗುರುತಿಸುತ್ತೇವೆ. ಅಲ್ಲಿ ಅಂಗಳ ಸಾರಿಸಿದ ಒಂದು ಮನೆಯ ಮುಂದೆ, ತುಳಸಿಯ ಪಕ್ಕದಲ್ಲಿ, ಒಂಟಿ ಸುತ್ತಿನ ಕಡುಗೆಂಪು ಕಣಗಿಲೆ ಇತ್ತು. ಗಂಟಲಿನ ಕುಚ್ಚಿಗೂ ಅದೇ ಕೆಂಪು, ಎಲ್ಲೂ ಬಿಳಿಯ ಗೆರೆ ಇಲ್ಲ. ಕೇಳಿದ ಕೂಡಲೆ ಮನೆಯ ಹಿರಿಯರು ಕುಡುಗೋಲು ತಂದು ಮೊಳದುದ್ದದ ಕಡ್ಡಿಗಳನ್ನು ಕೊಯ್ದು, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಇಂದು ನಮ್ಮ ಓಣಿಯ ಹಲವು ಮನೆಗಳ ಮುಂದೆ ಇರುವುದು ಆ ಗಿಡದ ಮಕ್ಕಳೇ.

ಸಿಂಧನೂರಿನ ಕಡೆ ಕಣಗಿಲೆಯನ್ನು ಮೆಚ್ಚಲು ಇನ್ನೂ ಒಂದು ಕಾರಣವಿದೆ, ಸವಳು. ತುಂಗಭದ್ರಾ ಎಡದಂಡೆ ನಾಲೆಯ ನೀರು ಭತ್ತ ಕೊಟ್ಟಿತು. ನೀರು ನಿಂತ ಕಡೆ ಎರೆ ನೆಲದ ಕೆಳಗಿನ ಉಪ್ಪನ್ನೂ ಮೇಲಕ್ಕೆ ತಂದಿತು. ಅಂಥ ಜಾಗದಲ್ಲಿ ಮನೆ ಕಟ್ಟಿದವರು ಮಾವು ಸುಟ್ಟಿತು, ಗುಲಾಬಿ ಏಳಲಿಲ್ಲ ಎಂದು ಬೇಸರಪಡುತ್ತಾರೆ. ಅವರಿಗೆ ಅಮೆರಿಕದ ಗ್ಯಾಲ್ವೆಸ್ಟನ್ ಎಂಬ ದ್ವೀಪದ ಊರಿನ ಕಥೆ ಹೇಳಬೇಕು. 1841ರಲ್ಲಿ ಜೋಸೆಫ್ ಓಸ್ಟರ್‌ಮನ್ ಎಂಬ ವ್ಯಾಪಾರಿ ಜಮೈಕಾದಿಂದ ಅಲ್ಲಿಗೆ ಕಣಗಿಲೆ ತಂದರು. 1900ರ ಭೀಕರ ಚಂಡಮಾರುತದಲ್ಲಿ ಊರು ನಾಶವಾಯಿತು, ಮುಂದೆ ಸಮುದ್ರದ ತಳದ ಹೂಳೆತ್ತಿ ಹಾಕಿ ನೆಲವನ್ನೇ ಎತ್ತರಿಸಿದರು. ಉಪ್ಪು ತುಂಬಿದ ಆ ಹೂಳಿನಲ್ಲಿ ಬೇರು ಬಿಟ್ಟ ಕೆಲವೇ ಗಿಡಗಳಲ್ಲಿ ಕಣಗಿಲೆ ಒಂದು. ಊರಿನ ಹೆಂಗಸರು ಬೀದಿ ಬೀದಿಗೆ ಅದನ್ನು ನೆಟ್ಟರು. 1967ರಲ್ಲಿ ಅಲ್ಲೇ ಅಂತರರಾಷ್ಟ್ರೀಯ ಓಲಿಯಾಂಡರ್ ಸಂಘ ಹುಟ್ಟಿತು. ಕಮೇಲಿಯಾದವರ ಹಾಗೆಯೇ ಅವರೂ ತಳಿಗಳಿಗೆ ಹೆಸರಿಟ್ಟು ದಾಖಲೆ ಇಡುತ್ತಾರೆ. ಜಪಾನಿನ ಹಿರೋಶಿಮಾದ ನಗರಪುಷ್ಪವೂ ಕಣಗಿಲೆಯೇ. 1945ರ ಬಾಂಬಿನ ನಂತರ ಅಲ್ಲಿ ಮೊದಮೊದಲು ಅರಳಿದ ಹೂಗಳಲ್ಲಿ ಅದೂ ಇತ್ತು.

ಕಣಗಿಲೆಗೆ ರೋಗ, ಕೀಟದ ಕಾಟ ಕಡಿಮೆ. ಎಳೆಯ ತುದಿಗಳಿಗೆ ಹಳದಿ ಹೇನು ಮುತ್ತುವುದುಂಟು, ಹೆಚ್ಚು ಯೂರಿಯಾ ಕೊಟ್ಟವರ ಗಿಡಕ್ಕೆ ಇನ್ನೂ ಬೇಗ. ಪೈಪಿನಿಂದ ಜೋರಾಗಿ ನೀರು ಹೊಡೆದರೆ ಸಾಕು. ಔಷಧಿ ಬೇಡ, ಯಾಕೆಂದರೆ ಈ ಗಿಡದ ಮೇಲೆ ನೋಡಲೇಬೇಕಾದ ಇಬ್ಬರು ಅತಿಥಿಗಳಿದ್ದಾರೆ. ಒಂದು, ಕಂದುಗಪ್ಪು ರೆಕ್ಕೆಯ ಅಂಚಿಗೆ ಬಿಳಿ ಚುಕ್ಕಿಗಳಿರುವ ಕಾಮನ್ ಕ್ರೋ ಚಿಟ್ಟೆ. ಅದರ ಕೋಶ ಎಲೆಯ ಕೆಳಗೆ ಬೆಳ್ಳಿಬಣ್ಣದಲ್ಲಿ ಹೊಳೆಯುತ್ತ ತೂಗುತ್ತದೆ; ಒಮ್ಮೆ ಮಕ್ಕಳಿಗೆ ತೋರಿಸಿದರೆ ಮರುದಿನ ಶಾಲೆಯ ಗೆಳೆಯರನ್ನೆಲ್ಲ ಕರೆತರುತ್ತಾರೆ. ಇನ್ನೊಂದು, ಕಣಗಿಲೆ ಪತಂಗದ ಹುಳು. ಬೆರಳಿಗಿಂತ ದಪ್ಪ, ಹಸಿರು, ತಲೆಯ ಹಿಂದೆ ನೀಲಿ–ಬಿಳಿಯ ಎರಡು ದೊಡ್ಡ ಕಣ್ಣಿನ ಗುರುತು. ಮುಟ್ಟಿದರೆ ನಿಜವಾದ ತಲೆಯನ್ನು ಬಗ್ಗಿಸಿ ಆ ಸುಳ್ಳು ಕಣ್ಣುಗಳನ್ನು ಮುಂದೆ ಮಾಡುತ್ತದೆ. ಎರಡೂ ಎಲೆ ತಿನ್ನುತ್ತವೆ. ತಿನ್ನಲಿ, ಗಿಡಕ್ಕೆ ಸಾಲುವಷ್ಟು ಎಲೆ ಇದೆ.

ಈಗ ಮುಂಗಾರು ಶುರುವಾಗಿದೆ, ಕಡ್ಡಿ ಹಚ್ಚಲು ಇದೇ ಹೊತ್ತು. ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ಕಡ್ಡಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ತುದಿಯ ನಾಲ್ಕಾರು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಕೊಯ್ದಾಗ ಬರುವ ಅಂಟು ರಸ ಕಣ್ಣಿಗೆ, ಬಾಯಿಗೆ ತಾಗದಿರಲಿ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ನೀರಿನ ಬಾಟಲಿಯಲ್ಲಿ ಇಟ್ಟರೂ ಕೆಲವು ವಾರಗಳಲ್ಲಿ ಬಿಳಿ ಬೇರು ಬರುತ್ತದೆ. ಬಾಟಲಿಯ ಮೇಲೆ ಏನೆಂದು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕುಂಡಕ್ಕಾದರೆ ಒಂದು ಪಾಲು ಎರೆ, ಒಂದು ಪಾಲು ಮಸಾರಿ, ಒಂದು ಪಾಲು ಮರಳು, ಮೇಲೆ ಹಿಡಿ ಕೊಟ್ಟಿಗೆ ಗೊಬ್ಬರ. ಬರಿ ಎರೆ ಕುಂಡದಲ್ಲಿ ಬೇಸಿಗೆಗೆ ಬಿರಿದು ಬೇರು ಹರಿಯುತ್ತದೆ. ದಿನವಿಡೀ ಬಿಸಿಲು ಬೀಳುವ ಜಾಗವನ್ನೇ ಕೊಡಿ, ನೆರಳಿನಲ್ಲಿ ಎಲೆ ಬೆಳೆದೀತೇ ಹೊರತು ಹೂ ಬರುವುದಿಲ್ಲ. ಹೂ ಬರುವುದು ಹೊಸ ಚಿಗುರಿನ ತುದಿಗೆ, ಆದ್ದರಿಂದ ಒಂದು ಸುಗ್ಗಿಯ ಹೂವು ಮುಗಿದ ಮೇಲೆ ಉದ್ದ ಬೆಳೆದ ಟೊಂಗೆಗಳನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸಿ. ಒಂದು ತುದಿ ಕತ್ತರಿಸಿದ ಕಡೆ ಮೂರು ಚಿಗುರು ಒಡೆಯುತ್ತವೆ. ಬುಡದಿಂದ ಏಳುವ ಕಂದುಗಳನ್ನು ತೆಗೆದರೆ ಗಿಡ ಪುಟ್ಟ ಮರವಾಗುತ್ತದೆ, ಬಿಟ್ಟರೆ ಬೇಲಿಯಾಗುತ್ತದೆ.

ನಾನೀಗ ಹುಡುಕುತ್ತಿರುವುದು ಬಿಳಿ ಮುದ್ದೆ ಕಣಗಿಲೆಯನ್ನು. ಲಿಂಗಸುಗೂರಿನ ಹಳೆಯ ದಂಡಿನ ಬಂಗಲೆಗಳ ಕಡೆ, ಮುದಗಲ್ಲ ಕೋಟೆಯ ಸುತ್ತಿನ ಮನೆಗಳಲ್ಲಿ ವಿಚಾರಿಸುತ್ತಿದ್ದೇನೆ. ನಿಮ್ಮ ಓಣಿಯಲ್ಲಿ ಅಂಥ ಗಿಡವಿದ್ದರೆ ಈ ಮಳೆ ಮುಗಿಯುವುದರೊಳಗೆ ಒಂದು ಕಡ್ಡಿ ಉಳಿಸಿ. ಬದಲಿಗೆ ಕ್ಯಾಂಪಿನ ಕಡುಗೆಂಪಿನ ಕಡ್ಡಿ ಕೊಡುತ್ತೇನೆ.